ಕಾಯಿಲೆಗೊಂದು ಸಮೀಕರಣ ಬರೆಯುವ ಕೆಲಸ

ಜರ್ಮನಿಯ ವಿಶ್ವವಿದ್ಯಾಲಯಗಳ ಸಂಶೋಧನಾ ಹುದ್ದೆಗಳ ಜಾಹೀರಾತಿನಲ್ಲಿ ‘ಕಂಪ್ಯುಟೇಷನಲ್ ಸೈಕಿಯಾಟ್ರಿ ಮತ್ತು ಬ್ರೇನ್ ಇಮೇಜಿಂಗ್’ ಎಂಬ ಜೋಡಿ ಹೆಸರು ಕಂಡಾಗ, ಮಿದುಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಕಾಯಿಲೆ ಹೇಳಿಸುವ ಕೆಲಸ ಅಂದುಕೊಳ್ಳುವವರೇ ಹೆಚ್ಚು. ಅಂಥ ಕೆಲಸವೂ ಇದೆ. ಆದರೆ ಈ ಕ್ಷೇತ್ರದ ಇನ್ನೊಂದು ದೊಡ್ಡ ಕವಲಿನಲ್ಲಿ ದಿನದ ಬಹುಪಾಲು ಹೋಗುವುದು ಬೇರೆ ಕಡೆಗೆ. ಒಬ್ಬ ವ್ಯಕ್ತಿಯ ಸಣ್ಣಪುಟ್ಟ ನಿರ್ಧಾರಗಳಿಗೆ ಲೆಕ್ಕ ಬರೆಯಬೇಕು, ಆಮೇಲೆ ಆ ಲೆಕ್ಕವನ್ನು ನಂಬಬಹುದೇ ಎಂದು ತಿಂಗಳುಗಟ್ಟಲೆ ತಡಕಾಡಬೇಕು.

ಪ್ರಯೋಗ ನೋಡಲು ತೀರಾ ಸರಳ. ಪರದೆಯ ಮೇಲೆ ಎರಡು ಚಿತ್ರಗಳು, ಒಂದನ್ನು ಆರಿಸಬೇಕು. ಕೆಲವೊಮ್ಮೆ ದುಡ್ಡು ಸಿಗುತ್ತದೆ, ಕೆಲವೊಮ್ಮೆ ಇಲ್ಲ. ಒಂದು ಚಿತ್ರದ ಮೇಲೆ ನಿಮಗಿರುವ ನಿರೀಕ್ಷೆ 0.5 ಎನ್ನಿ. ಬಹುಮಾನ ಸಿಕ್ಕಿತು, ಅಂದರೆ 1. ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರ 0.5. ಈ ಅಂತರದಲ್ಲಿ ಎಷ್ಟು ಪಾಲನ್ನು ಮನಸ್ಸು ಒಳಗೆ ತೆಗೆದುಕೊಳ್ಳುತ್ತದೆ ಎಂಬುದೇ ಕಲಿಕೆಯ ದರ. ದರ 0.2 ಇದ್ದವರ ನಿರೀಕ್ಷೆ 0.6ಕ್ಕೆ ಏರುತ್ತದೆ, 0.8 ಇದ್ದವರದು 0.9ಕ್ಕೆ. ಮುಂದಿನ ಸಲ ಏನೂ ಸಿಗಲಿಲ್ಲ ಎನ್ನಿ. ಮೊದಲಿನವರು 0.48ಕ್ಕೆ ಇಳಿದು ನಿಲ್ಲುತ್ತಾರೆ, ಎರಡನೆಯವರು ಧೊಪ್ಪನೆ 0.18ಕ್ಕೆ ಬೀಳುತ್ತಾರೆ. 1972ರಲ್ಲಿ ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಪ್ರಾಣಿಗಳ ಕಲಿಕೆಗೆ ಬರೆದ ಸೂತ್ರದ ಎಲುಬು ಇಷ್ಟೇ. 1997ರಲ್ಲಿ ಶುಲ್ಟ್ಸ್, ಡಯಾನ್ ಮತ್ತು ಮೊಂಟಾಗ್, ಕೋತಿಗಳ ಡೋಪಮೈನ್ ನರಕೋಶಗಳು ಹೆಚ್ಚುಕಡಿಮೆ ಇಂಥದೇ ಅಂತರವನ್ನು ಸಾರುತ್ತವೆ ಎಂದು ತೋರಿಸಿದ ಮೇಲೆ ಮನೋವೈದ್ಯರೂ ಈ ಸೂತ್ರದ ಕಡೆ ತಿರುಗಿ ನೋಡಿದರು.

ವೈದ್ಯರಿಗೆ ಇದರಿಂದ ಏನು ಸಿಗುತ್ತದೆ? ಖಿನ್ನತೆಯಲ್ಲಿರುವವರು ಈ ಆಟದಲ್ಲಿ ಹಿಂದೆ ಬಿದ್ದರೆ ಕಾರಣ ಎರಡಿರಬಹುದು: ಕಲಿಯುವುದೇ ನಿಧಾನ, ಅಥವಾ ಕಲಿಯುತ್ತಾರೆ ಆದರೆ ಬಹುಮಾನ ಅವರಿಗೆ ಬಹುಮಾನ ಅನಿಸುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಸಂಶೋಧಕ ಹೂಯ್ಸ್ ಮತ್ತು ಸಂಗಡಿಗರು 2013ರಲ್ಲಿ ಹಲವು ಪ್ರಯೋಗಗಳ ದತ್ತಾಂಶವನ್ನು ಒಟ್ಟು ಮಾಡಿ ನೋಡಿದಾಗ, ಯಾವುದರಲ್ಲೂ ಖುಷಿ ಕಾಣದ ಸ್ಥಿತಿಯ ನಂಟು ಕಲಿಕೆಯ ವೇಗಕ್ಕಿಂತ ಹೆಚ್ಚಾಗಿ ಬಹುಮಾನಕ್ಕೆ ಮನಸ್ಸು ಎಷ್ಟು ಸ್ಪಂದಿಸುತ್ತದೆ ಎಂಬುದರ ಜೊತೆಗಿತ್ತು. ಗೆದ್ದ ಹಣವನ್ನಷ್ಟೇ ಎಣಿಸಿದ್ದರೆ ಈ ವ್ಯತ್ಯಾಸ ಸಿಗುತ್ತಿರಲಿಲ್ಲ. ನನ್ನ ಪ್ರಕಾರ ಈ ಶಾಸ್ತ್ರದ ಬಲ ಇರುವುದು ಇಲ್ಲೇ.

ಹುದ್ದೆಗೆ ಸೇರಿದವರಿಗೆ ಮೊದಲ ಕೆಲವು ತಿಂಗಳು ರೋಗಿಯೂ ಇಲ್ಲ, ಸ್ಕ್ಯಾನರೂ ಇಲ್ಲ. ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್‌ನಲ್ಲಿ ನಕಲಿ ಆಟಗಾರರನ್ನು ಸೃಷ್ಟಿಸುತ್ತಾರೆ. ಇವನ ಕಲಿಕೆಯ ದರ 0.3 ಎಂದು ತಾವೇ ಇಟ್ಟು, ಆಟ ಆಡಿಸಿ, ಸಿಕ್ಕ ದತ್ತಾಂಶದಿಂದ ಆ 0.3 ವಾಪಸ್ ಬರುತ್ತದೆಯೇ ನೋಡುತ್ತಾರೆ. ಎಷ್ಟೋ ಸಲ ಬರುವುದಿಲ್ಲ. ಆಟದ ಸುತ್ತು ಕಡಿಮೆಯಾಗಿರುತ್ತದೆ, ಇಲ್ಲವೇ ಸೂತ್ರದ ಎರಡು ಸಂಖ್ಯೆಗಳು ಒಂದನ್ನೊಂದು ಮರೆಮಾಡಿರುತ್ತವೆ. ಈ ಹಂತವನ್ನು ಹಾರಿಸಿ ನೇರವಾಗಿ ರೋಗಿಗಳ ಬಳಿ ಹೋದ ಯೋಜನೆ, ಕೊನೆಗೆ ಅರ್ಥವಿಲ್ಲದ ಸಂಖ್ಯೆಗಳನ್ನು ಹಿಡಿದು ಕೂರಬೇಕಾಗುತ್ತದೆ.

ಸ್ಕ್ಯಾನಿಂಗ್ ದಿನದ ಗಡಿಬಿಡಿಯೇ ಬೇರೆ. 3 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 60,000 ಪಟ್ಟು ಬಲವಾದದ್ದು. ಪೇಸ್‌ಮೇಕರ್ ಇದೆಯೇ, ಕಣ್ಣಿಗೆ ಎಂದಾದರೂ ಲೋಹದ ಚೂರು ಹೊಕ್ಕಿತ್ತೇ, ಇಕ್ಕಟ್ಟಿನ ಜಾಗದ ಭಯವಿದೆಯೇ ಎಂದು ಒಂದೊಂದಾಗಿ ಕೇಳಬೇಕು. ಓಲೆ, ಬೆಲ್ಟು, ಹೇರ್‌ಪಿನ್ ತೆಗೆಸಬೇಕು. ಕಿವಿಗೆ ಪ್ಲಗ್, ತಲೆಯ ಎರಡೂ ಬದಿಗೆ ಸ್ಪಂಜು, ಕಣ್ಣಿನ ಮೇಲೊಂದು ಕನ್ನಡಿ, ಒಂದು ಕೈಯಲ್ಲಿ ಆಯ್ಕೆಯ ಗುಂಡಿಗಳು, ಇನ್ನೊಂದರಲ್ಲಿ ‘ಸಾಕು, ಹೊರಗೆ ತೆಗೀರಿ’ ಎನ್ನಲು ಒತ್ತುವ ರಬ್ಬರ್ ಬುಡ್ಡಿ. ತಲೆ ಕೆಲವೇ ಮಿಲಿಮೀಟರ್ ಅಲುಗಿದರೂ ಆ ಸುತ್ತಿನ ಸ್ಕ್ಯಾನನ್ನೇ ಕೈಬಿಡಬೇಕಾಗಬಹುದು. ಆತಂಕದ ರೋಗಿಗಳನ್ನು ಅಲುಗದೆ ಮಲಗಿಸುವ ಸಮಾಧಾನದ ಮಾತು ಯಾವ ಜಾಹೀರಾತಿನ ಅರ್ಹತಾ ಪಟ್ಟಿಯಲ್ಲೂ ಕಾಣುವುದಿಲ್ಲ. ಬೇಕಾಗುವುದು ಮಾತ್ರ ಅದೇ.

ಯಂತ್ರ ಯೋಚನೆಯನ್ನು ಚಿತ್ರಿಸುವುದಿಲ್ಲ. ರಕ್ತದ ಆಮ್ಲಜನಕದ ಏರಿಳಿತವನ್ನು ಹಿಡಿಯುತ್ತದೆ, ಅದೂ ನರಕೋಶ ಮಿಡಿದ ಐದಾರು ಸೆಕೆಂಡುಗಳ ಬಳಿಕ. ನಿರೀಕ್ಷೆಗೂ ಬಹುಮಾನಕ್ಕೂ ನಡುವೆ ಸೂತ್ರ ಸುತ್ತುಸುತ್ತಿಗೂ ಲೆಕ್ಕ ಹಾಕಿದ ಅಂತರದ ಸರಣಿಯನ್ನು ಇಷ್ಟು ಹೊತ್ತು ತಡಮಾಡಿ ಹೊಂದಿಸಿ, ಮಿದುಳಿನ ಯಾವ ಭಾಗ ಅದರ ಜೊತೆ ಏರಿಳಿಯುತ್ತದೆ ಎಂದು ಹುಡುಕುತ್ತಾರೆ. ಹುಡುಕುವ ಬಿಂದುಗಳು ಸಾವಿರಾರು, ಹಾಗಾಗಿ ಸುಮ್ಮನೆ ಅದೃಷ್ಟಕ್ಕೂ ಏನೋ ಒಂದು ಬೆಳಗುತ್ತದೆ. 2009ರಲ್ಲಿ ಅಮೆರಿಕದ ಕೆಲವರು ಸತ್ತ ಸಾಲ್ಮನ್ ಮೀನಿಗೆ ಮನುಷ್ಯರ ಫೋಟೊ ತೋರಿಸಿ ಸ್ಕ್ಯಾನ್ ಮಾಡಿದರು. ಅಂಕಿಅಂಶದ ತಿದ್ದುಪಡಿ ಹಾಕದಿದ್ದಾಗ ಅದರ ಮಿದುಳೂ ‘ಚುರುಕಾಗಿತ್ತು’! 2020ರ ಇನ್ನೊಂದು ಪರೀಕ್ಷೆಯಲ್ಲಿ 70 ತಂಡಗಳಿಗೆ ಒಂದೇ ದತ್ತಾಂಶ ಕೊಟ್ಟರೆ, ಯಾವ ಎರಡು ತಂಡಗಳೂ ಒಂದೇ ದಾರಿ ಹಿಡಿಯಲಿಲ್ಲ, ಉತ್ತರಗಳೂ ಚೆದುರಿದವು. ಹಾಗಾಗಿ ವಿಶ್ಲೇಷಣೆಯ ದಾರಿಯನ್ನು ಮೊದಲೇ ಬರೆದು ನೋಂದಾಯಿಸುವ ತಂಡಕ್ಕೆ ಸೇರುವುದು ಜಾಣತನ.

ಇನ್ನು ಸಂಬಳ. ಜರ್ಮನಿಯಲ್ಲಿ ಇವು ಸಾಮಾನ್ಯವಾಗಿ ಟಿವಿ-ಎಲ್ ಎಂಬ ಸರ್ಕಾರಿ ವೇತನ ಪಟ್ಟಿಯ ಇ13 ಶ್ರೇಣಿಯ ಹುದ್ದೆಗಳು. ಪಿಎಚ್‌ಡಿಯವರಿಗೆ ಹಲವೆಡೆ ಪೂರ್ತಿ ಸಂಬಳದ ಶೇಕಡಾ 65 ಪಾಲು ಕೊಡುತ್ತಾರೆ, ಕೆಲಸ ಮಾತ್ರ ಪೂರ್ತಿ. ತಾತ್ಕಾಲಿಕ ಕರಾರಿಗೆ ಕಾನೂನಿನ ಮಿತಿಯೂ ಇದೆ: ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು, ವೈದ್ಯಕೀಯಕ್ಕಾದರೆ ಒಂಬತ್ತು. ನಮ್ಮಲ್ಲಿ ಇಂಥ ಕೆಲಸದ ಮೊದಲ ಮೆಟ್ಟಿಲು ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಫೆಲೋಶಿಪ್. ಅದರ ಮೊತ್ತ 2023ರಲ್ಲಿ ತಿಂಗಳಿಗೆ 37,000 ರೂಪಾಯಿ ಆಯಿತು. ನಿಮ್ಹಾನ್ಸ್‌ನಲ್ಲೋ ಐಐಎಸ್‌ಸಿಯ ನರವಿಜ್ಞಾನ ಕೇಂದ್ರದಲ್ಲೋ ಒಂದೆರಡು ವರ್ಷ ದತ್ತಾಂಶದ ಜೊತೆ ಒದ್ದಾಡಿದವರ ಅರ್ಜಿಗೆ ಹೊರದೇಶದಲ್ಲೂ ತೂಕವಿರುತ್ತದೆ.

ಸಂದರ್ಶನದಲ್ಲಿ ನೀವೂ ಕೇಳಿ. ಸ್ಕ್ಯಾನರ್ ಗಂಟೆಗಳ ದುಡ್ಡು ಮಂಜೂರಾಗಿದೆಯೇ, ಇನ್ನೂ ಅರ್ಜಿಯಲ್ಲಿದೆಯೇ? ನೈತಿಕ ಸಮಿತಿಯ ಒಪ್ಪಿಗೆ ಬಂದಿದೆಯೇ? ರೋಗಿಗಳನ್ನು ಕಳಿಸಿಕೊಡುವ ವೈದ್ಯರು ಯಾರು? ಜರ್ಮನ್ ಬರದ ಸಂಶೋಧಕರು ಆ ರೋಗಿಗಳ ಜೊತೆ ಮಾತಾಡುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ, ನಿಮ್ಮ ಪಾಲಿಗೆ ಬರುವುದು ಬೇರೆಯವರು ಕೂಡಿಹಾಕಿದ ದತ್ತಾಂಶವೇ ಎಂದು ಲೆಕ್ಕ ಹಾಕಿಕೊಂಡೇ ಸಹಿ ಮಾಡಿ.