ಟ್ರ್ಯಾಕ್ಟರಿನ ಗಾಳಿನಾಳದ ಬೋಲ್ಟು ಮುರಿದಾಗ

ಟ್ರ್ಯಾಕ್ಟರಿನ ಏರ್ ಕ್ಲೀನರನ್ನು ತೊಳೆದು ಮತ್ತೆ ಕೂರಿಸುವಾಗ, ಇಲ್ಲವೇ ಹಳೆಯದನ್ನು ತೆಗೆದು ಹೊಸದನ್ನು ಜೋಡಿಸುವಾಗ, ಕೊನೆಯ ತಿರುವಿಗೆ ಬೋಲ್ಟು ಟಕ್ಕೆಂದು ಮುರಿಯುವುದುಂಟು. ತಲೆ ಸ್ಪ್ಯಾನರಿನೊಡನೆ ಕೈಗೆ ಬರುತ್ತದೆ, ಉಳಿದ ತುಂಡು ತೂತಿನೊಳಗೇ ನಿಲ್ಲುತ್ತದೆ. ಬಿತ್ತನೆಯ ಹದ ಬಂದಿರುವ ದಿನ ಹೀಗಾದರೆ ರೈತನ ಕೈ ಮೊದಲು ಹೋಗುವುದು ತಂತಿಯ ಸುರುಳಿಗೆ. ಬೋಲ್ಟು ಅಲ್ಪ ಬೆಲೆಯ ವಸ್ತು, ನಿಜ. ಆದರೆ ಅದು ಬಿಟ್ಟ ಸಂದಿನಿಂದ ಒಳಹೋಗುವ ಧೂಳು ಮತ್ತು ಅದನ್ನು ತೆಗೆಯುವಾಗ ಒಳಬೀಳುವ ಲೋಹದ ಪುಡಿ ಎಂಜಿನ್ನನ್ನೇ ಹಾಳುಮಾಡಬಲ್ಲವು.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಇದು ಹೆಚ್ಚುಕಡಿಮೆ 10,000 ಲೀಟರ್. ಡೀಸೆಲ್ ಎಂಜಿನ್ನು ಯಾವಾಗಲೂ ಇದಕ್ಕಿಂತ ಹೆಚ್ಚು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಂಟೆಗೆ 4 ಲೀಟರ್ ಉರಿಸುವ ಟ್ರ್ಯಾಕ್ಟರು ಒಂದು ದಿನದ ಉಳುಮೆಯಲ್ಲಿ ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ರೈತರೇ ಲೆಕ್ಕ ಹಾಕಬಹುದು. ರೋಟವೇಟರ್ ಹೊಡೆಯುವಾಗ, ಒಕ್ಕಣೆ ಮಾಡುವಾಗ ಈ ಗಾಳಿಯ ತುಂಬ ಧೂಳಿರುತ್ತದೆ. ಧೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಅದು ಕೀಲೆಣ್ಣೆಯೊಡನೆ ಕಲೆತು ಸಾಣೆಯ ಪುಡಿಯಂತೆ ಪಿಸ್ಟನ್ನಿನ ರಿಂಗುಗಳನ್ನೂ ಲೈನರನ್ನೂ ತೇಯುತ್ತದೆ. ಎಳೆತ ತಗ್ಗುವುದು, ನೀಲಿ ಹೊಗೆ ಕಾಣುವುದು, ಕೀಲೆಣ್ಣೆ ಬೇಗ ಕಡಿಮೆಯಾಗುವುದು ಎಲ್ಲ ಆಮೇಲಿನ ಮಾತು. ಅಷ್ಟರಲ್ಲಿ ಸವೆತ ಆಗಿಹೋಗಿರುತ್ತದೆ.

ಆದ್ದರಿಂದ ಮುರಿದ ಬೋಲ್ಟು ಯಾವ ಜಾಗದ್ದು ಎಂಬುದನ್ನು ಮೊದಲು ನೋಡಬೇಕು. ಏರ್ ಕ್ಲೀನರಿನ ಡಬ್ಬಿಯನ್ನು ಹೊರಗಿನ ಪಟ್ಟಿಗೆ ಹಿಡಿದಿಡುವ ಬೋಲ್ಟು ಮುರಿದಿದ್ದರೆ, ಡಬ್ಬಿ ಅಲುಗದಂತೆ ತಂತಿಯಿಂದ ಬಿಗಿದು ಆ ದಿನದ ಕೆಲಸ ಮುಗಿಸಿಕೊಳ್ಳಬಹುದು. ಗಾಳಿ ಶುದ್ಧವಾದ ಮೇಲೆ ಹಾಯುವ ದಾರಿಯ ಬೋಲ್ಟು, ಅಂದರೆ ನಾಳವನ್ನು ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಕೂಡಿಸುವ ಬೋಲ್ಟು ಮುರಿದಿದ್ದರೆ ಒಂದು ಸಾಲನ್ನೂ ಉಳಬಾರದು. ಇಲ್ಲಿ ಬಿಟ್ಟ ಕೂದಲೆಳೆಯಷ್ಟು ಸಂದಿನಿಂದಲೂ ಧೂಳು ಶೋಧನೆಯಾಗದೆ ನೇರ ಒಳಗೆ ಹೋಗುತ್ತದೆ.

ಸುತ್ತಿಗೆ, ಉಳಿ ಹುಡುಕುವ ಮುನ್ನ ನಾಳವನ್ನು ಬಿಚ್ಚಿ ಮ್ಯಾನಿಫೋಲ್ಡಿನ ಬಾಯಿಯನ್ನು ಮುಚ್ಚಬೇಕು. ಸಣ್ಣ ಚಿಂದಿ ತುರುಕಬಾರದು. ಅದನ್ನು ಮರೆತು ಎಂಜಿನ್ ಚಾಲೂ ಮಾಡಿದರೆ ಒಳಗೆಳೆದುಕೊಂಡು ಬಿಡುತ್ತದೆ. ಹೊರಗೆ ಎದ್ದು ಕಾಣುವಷ್ಟು ದೊಡ್ಡ ಬಟ್ಟೆಯ ಗಂಟನ್ನು ಇಟ್ಟು ಮೇಲೆ ಅಂಟುಪಟ್ಟಿ ಸುತ್ತುವುದು ಒಳ್ಳೆಯದು. ಬ್ಯಾಟರಿಯ ಋಣ ತಂತಿಯನ್ನೂ ಆಗಲೇ ಕಳಚಿಡಿ. ಯಾರೋ ತಿಳಿಯದೆ ಕೀಲಿ ತಿರುವಿದರೂ ಅಪಾಯವಿರುವುದಿಲ್ಲ.

ಇನ್ನು ಮುರಿದ ಮುಖವನ್ನು ಬೆಳಕಿನಲ್ಲಿ ಪರೀಕ್ಷಿಸಿರಿ. ಅದು ಪೂರ್ತಿ ಹೊಳೆಯುತ್ತ ತಿರುಚಿದಂತಿದ್ದರೆ ಈಗ ಬಿಗಿ ಹೆಚ್ಚಾಗಿ ಮುರಿದಿದೆ. ಒಂದು ಪಾಲು ಕಪ್ಪಾಗಿ ತುಕ್ಕು ಹಿಡಿದು, ಉಳಿದ ಪಾಲು ಮಾತ್ರ ಹೊಳೆಯುತ್ತಿದ್ದರೆ ಬೋಲ್ಟು ಸಡಿಲವಾಗಿದ್ದು, ಅದುರಿ ಅದುರಿ ಹಿಂದೆಯೇ ಬಿರಿದಿತ್ತೆಂದು ತಿಳಿಯಬೇಕು. ಇದು ಬರೀ ಕುತೂಹಲದ ಮಾತಲ್ಲ. ಬಿಗಿಯುವಾಗ ಮುರಿದ ಬೋಲ್ಟಿನ ತುಂಡು ಅನೇಕ ವೇಳೆ ಒಳಗೆ ಸಡಿಲವಾಗಿಯೇ ಇರುತ್ತದೆ, ಏಕೆಂದರೆ ತಲೆ ಹೋದೊಡನೆ ಅದರ ಮೇಲಿನ ಎಳೆತವೂ ಹೋಯಿತು. ಚೂಪಾದ ಮೊಳೆಯನ್ನು ಅದರ ಅಂಚಿಗೆ ಓರೆಯಾಗಿ ಇಟ್ಟು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಮೆಲ್ಲಗೆ ತಟ್ಟಿದರೆ ತಿರುಗಿ ಬರುತ್ತದೆ. ಕಳಚುವಾಗ ಮುರಿದದ್ದಾದರೆ ಅದು ತುಕ್ಕಿನಿಂದ ಕಚ್ಚಿಕೊಂಡ ಬೋಲ್ಟು. ಅದಕ್ಕೆ ತಾಳ್ಮೆಯೇ ಬೇಕು.

ತುಂಡು ಹೊರಗೆ ಚಾಚಿದ್ದರೆ ಕೆಲಸ ಸುಲಭ. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ಬುಡಕ್ಕೆ ಸೀಮೆಎಣ್ಣೆಯನ್ನಾಗಲಿ, ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ ಬಿಟ್ಟು, ಸುತ್ತಿಗೆಯಿಂದ ಹಗುರವಾಗಿ ತಟ್ಟಿರಿ. ತಟ್ಟಿದಾಗ ತುಕ್ಕು ಬಿರಿದು ಎಣ್ಣೆ ಇಳಿಯುತ್ತದೆ. ಸಂಜೆ ಎಣ್ಣೆ ಬಿಟ್ಟು ಬೆಳಗ್ಗೆ ಬಿಚ್ಚುವುದು ಉತ್ತಮ. ಹತ್ತು ನಿಮಿಷದಲ್ಲಿ ಆಗದ ಕೆಲಸ ಒಂದು ರಾತ್ರಿಯಲ್ಲಿ ಆಗುತ್ತದೆ. ಕಚ್ಚುವ ಇಕ್ಕಳದಿಂದ ಹಿಡಿದು ಒಂದೇ ಕಡೆ ಬಲವಾಗಿ ತಿರುಗಿಸದೆ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿದು, ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು.

ತುಂಡು ತೂತಿನ ಮಟ್ಟಕ್ಕೇ ಮುರಿದಿದ್ದರೆ ಊರಿನ ಬೆಸುಗೆಯವರ ನೆರವು ಬೇಕಾಗುತ್ತದೆ. ತುಂಡಿನ ಮೇಲೆ ಮೊದಲು ಒಂದು ವಾಷರ್, ಅದರ ಮೇಲೆ ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ಬೆಸೆಯುತ್ತಾರೆ. ಬೆಸುಗೆಯ ಶಾಖವೇ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ಕೆಂಪು ಆರಿ ಇನ್ನೂ ಬಿಸಿಯಿರುವಾಗ ಸ್ಪ್ಯಾನರಿನಿಂದ ಮೆಲ್ಲಗೆ ಆಡಿಸಿದರೆ ಹೊರಬರುತ್ತದೆ. ಮ್ಯಾನಿಫೋಲ್ಡ್ ಅಲ್ಯೂಮಿನಿಯಂದಾದರೂ ಹೆದರಬೇಕಾಗಿಲ್ಲ. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಬೆಸುಗೆಯ ಅರ್ತ್ ತಂತಿಯನ್ನು ಮುರಿದ ಬೋಲ್ಟಿನ ಹತ್ತಿರದಲ್ಲೇ ಕಚ್ಚಿಸಬೇಕು, ಆಲ್ಟರ್ನೇಟರಿನ ತಂತಿಗಳನ್ನೂ ಬಿಚ್ಚಿಡಬೇಕು. ಡೀಸೆಲ್ ಒಸರುತ್ತಿದ್ದರೆ, ಸುತ್ತ ಹೊಟ್ಟು, ಹುಲ್ಲು ಬಿದ್ದಿದ್ದರೆ ಬೆಸುಗೆ ಬೇಡ.

ಬೆಸುಗೆಯೂ ಹಿಡಿಯದಿದ್ದಾಗ ಕೊರೆದು ತೆಗೆಯುವುದೇ ದಾರಿ. ತುಂಡಿನ ನಟ್ಟನಡುವೆ ಪಂಚಿನಿಂದ ಗುರುತು ಮಾಡುವುದು ಇದರಲ್ಲಿ ಮುಖ್ಯ. ನಡು ತಪ್ಪಿದರೆ ಡ್ರಿಲ್ಲು ಗಟ್ಟಿ ಬೋಲ್ಟನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ, ಹೊಸ ತೊಂದರೆ ಹುಟ್ಟುತ್ತದೆ. ಮೊದಲು 3 ಮಿ.ಮೀ., ಅನಂತರ 5 ಮಿ.ಮೀ. ಬಿಟ್ಟಿನಿಂದ ನಿಧಾನವಾಗಿ ಕೊರೆಯಿರಿ. ಬಿಟ್ಟಿಗೆ ಗ್ರೀಸ್ ಹಚ್ಚಿಕೊಂಡರೆ ಲೋಹದ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ. ಕೆಲವು ತೂತುಗಳು ಗಾಳಿಯ ದಾರಿಗೇ ತೆರೆದಿರುವುದರಿಂದ ಮ್ಯಾನಿಫೋಲ್ಡನ್ನು ಕಳಚಿ ಮೇಜಿನ ಮೇಲಿಟ್ಟು ಕೊರೆಯುವುದು ಎಲ್ಲಕ್ಕಿಂತ ಸುರಕ್ಷಿತ.

ಕೊರೆದ ತೂತಿಗೆ ಹಾಕಿ ಎಡಕ್ಕೆ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಎಂಬ ಉಪಕರಣ ಪೇಟೆಯಲ್ಲಿ ಸಿಗುತ್ತದೆ. ಇದನ್ನು ಬಳಸುವಾಗ ಬಲ ತೋರಿಸಬಾರದು. ಅದು ಬಹಳ ಗಟ್ಟಿ, ಅಷ್ಟೇ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟು ಅದನ್ನು ಗೀರಲೂ ಆರದು; ಆಗ ನಗರದ ವರ್ಕ್‌ಶಾಪಿಗೆ ಒಯ್ಯಬೇಕಾಗುತ್ತದೆ. ಮೊದಲೇ ತುಕ್ಕು ಕಚ್ಚಿದ ಸಣ್ಣ ಬೋಲ್ಟಿಗೆ ಇದನ್ನು ಬಳಸದಿರುವುದೇ ಲೇಸು.

ತುಂಡು ಹೊರಬಂದ ಮೇಲೆ ತೂತಿನ ಥ್ರೆಡ್ಡನ್ನು ಟ್ಯಾಪ್ ಹಾಕಿ ಶುಚಿ ಮಾಡಬೇಕು. ಥ್ರೆಡ್ ಹರಿದಿದ್ದರೆ ತೂತನ್ನು ದೊಡ್ಡದು ಮಾಡಿ ಸುರುಳಿ ತಂತಿಯ ಒಳಸೇರಿಕೆ ಕೂರಿಸಬಹುದು. ಹಾಗೆ ಮಾಡಿದರೆ ಹಿಂದಿನ ಅಳತೆಯ ಬೋಲ್ಟೇ ಹಿಡಿಯುತ್ತದೆ. ಬುಡ ಮುಚ್ಚಿದ ತೂತಿನಲ್ಲಿ ಎಣ್ಣೆ, ಮಣ್ಣು ಉಳಿಯಬಾರದು. ಬೋಲ್ಟು ಅದರ ಮೇಲೆ ಕೂತು, ಬಿಗಿಯಾದಂತೆ ತೋರಿ, ಮತ್ತೆ ಮುರಿಯುತ್ತದೆ.

ಹೊಸ ಬೋಲ್ಟಿನ ಅಳತೆಯಲ್ಲಿ ಒಂದು ಮೋಸವಿದೆ. ಹಳೆಯ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳ ಎಂಜಿನ್ನಿನಲ್ಲಿ ಇಂಚಿನ ಅಳತೆಯ ಥ್ರೆಡ್ಡುಗಳಿವೆ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಮಿಲಿಮೀಟರ್ ಬೋಲ್ಟು. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ.; ಎಂ 8 ಬೋಲ್ಟಿನದು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ದಪ್ಪ ಥ್ರೆಡ್ಡಿನ 5/16 ಬೋಲ್ಟಿನಲ್ಲಿ ಇಂಚಿಗೆ 18 ಸುತ್ತು, ಎಂ 8ರಲ್ಲಿ 20ಕ್ಕೂ ಸ್ವಲ್ಪ ಹೆಚ್ಚು. ಎರಡು ಮೂರು ಸುತ್ತು ಹೋಗಿ ಬಿಗಿಯುತ್ತದೆ. 'ತುಕ್ಕಿರಬೇಕು' ಎಂದುಕೊಂಡು ಒತ್ತಿ ತಿರುಗಿಸಿದವರು ಬೋಲ್ಟನ್ನೂ ಮುರಿಯುತ್ತಾರೆ, ಥ್ರೆಡ್ಡನ್ನೂ ಕೆಡಿಸುತ್ತಾರೆ. ಪಕ್ಕದ ಒಳ್ಳೆಯ ಬೋಲ್ಟನ್ನು ಬಿಚ್ಚಿ ಅಂಗಡಿಗೆ ಒಯ್ದು, ಎರಡರ ಥ್ರೆಡ್ಡನ್ನು ಒಂದರೊಳಗೊಂದು ಕೂರಿಸಿ ನೋಡಿ ಕೊಳ್ಳಬೇಕು. ಉದ್ದವೂ ಅಷ್ಟೇ ಇರಲಿ. ಹೊಸ ಬೋಲ್ಟು ಕೊನೆಯವರೆಗೂ ಬರಿ ಬೆರಳಿನಿಂದ ತಿರುಗಬೇಕು, ಸ್ಪ್ಯಾನರು ಅನಂತರ.

ತಲೆಯ ಮೇಲೆ 8.8 ಎಂದಿರುವ ಎಂ 8 ಬೋಲ್ಟಿಗೆ, ಅಲ್ಯೂಮಿನಿಯಂ ತೂತಿನಲ್ಲಿ, ಸುಮಾರು 2 ಕಿ.ಗ್ರಾಂ-ಮೀಟರ್ ಬಿಗಿ ಸಾಕು. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಇದು ಸುಮಾರು 13 ಕಿಲೋ ಎಳೆತ, ಒಂದು ಕೈಯ ಕೆಲಸ. ಸ್ಪ್ಯಾನರಿಗೆ ಪೈಪು ತೊಡಿಸಿ 45 ಸೆಂ.ಮೀ. ಮಾಡಿದರೆ ಅದೇ ಕೈ ಮೂರು ಪಟ್ಟು ಬಿಗಿಯುತ್ತದೆ. ಗಾಳಿನಾಳದ ಬೋಲ್ಟುಗಳು ಹೆಚ್ಚಾಗಿ ಮುರಿಯುವುದು ಈ ಪೈಪಿನಿಂದಲೇ ಎಂದು ನನ್ನ ಅಭಿಪ್ರಾಯ. ಹಳೆಯ ಗ್ಯಾಸ್ಕೆಟ್ಟಿನ ಮೂಲಕ ಗಾಳಿ ಸೋರುವುದನ್ನು ಬಿಗಿಯಿಂದ ನಿಲ್ಲಿಸಲು ಹೋಗಬಾರದು, ಗ್ಯಾಸ್ಕೆಟ್ ಬದಲಿಸಬೇಕು.

ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಂದ ಟ್ರ್ಯಾಕ್ಟರಾದರೆ ಈ ಕೆಲಸಗಳಿಗೆ ಕೈಹಾಕದೆ, ಎಂಜಿನ್ ನಿಲ್ಲಿಸಿ ಕೇಂದ್ರಕ್ಕೆ ತಿಳಿಸುವುದು ಸರಿ.

ಜೋಡಣೆ ಮುಗಿದ ಮೇಲೆ, ಮುಚ್ಚಿದ ಬಟ್ಟೆ ಹೊರಗಿದೆಯೇ ಎಂದು ಕಣ್ಣಾರೆ ನೋಡಿ ಎಂಜಿನ್ ಚಾಲೂ ಮಾಡಿರಿ. ನಿಧಾನ ಓಟದಲ್ಲಿರುವಾಗ ಏರ್ ಕ್ಲೀನರಿನ ಹೊರಬಾಯಿಯನ್ನು ಸಮತಟ್ಟಾದ ಹಲಗೆಯಿಂದ ಮುಚ್ಚಿ. ಅಂಗೈ, ಬಟ್ಟೆ ಬೇಡ. ನಾಳವೆಲ್ಲ ಭದ್ರವಾಗಿದ್ದರೆ ಎಂಜಿನ್ನು ಉಸಿರುಕಟ್ಟಿ ನಿಲ್ಲುತ್ತದೆ. ನಿಲ್ಲದೆ ಓಡುತ್ತಿದ್ದರೆ ಎಲ್ಲೋ ಕಳ್ಳದಾರಿಯಿಂದ ಗಾಳಿ ಹೋಗುತ್ತಿದೆ; ರಬ್ಬರ್ ನಾಳ, ಕ್ಲಿಪ್ಪು, ಗ್ಯಾಸ್ಕೆಟ್ಟುಗಳನ್ನು ಮತ್ತೆ ನೋಡಬೇಕು. ಟರ್ಬೋ ಇರುವ ಎಂಜಿನ್ನಿಗೆ ಈ ಪರೀಕ್ಷೆ ಮಾಡಬಾರದು. ಒಂದು ದಿನ ಕೆಲಸವಾದ ಮೇಲೆ ಎಂಜಿನ್ ನಿಲ್ಲಿಸಿ, ನಾಳವನ್ನು ಕಳಚಿ, ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿರಿ. ಬಟ್ಟೆಯ ಮೇಲೆ ಹೊಲದ ಮಣ್ಣಿನ ಬಣ್ಣ ಬಂದರೆ ಧೂಳು ಇನ್ನೂ ನುಸುಳುತ್ತಿದೆ, ಆ ಸಂದಿ ಸಿಗುವವರೆಗೆ ಟ್ರ್ಯಾಕ್ಟರು ಹೊಲಕ್ಕಿಳಿಯಬಾರದು.