ಚುನ್ನಿ ಜಾರದಂತೆ ನಿಲ್ಲುವುದು ಹೇಗೆ?

ಪ್ರಶ್ನೆ: ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಊಟ ಬಡಿಸುವ ಸಿಖ್ ಹೆಣ್ಣುಮಕ್ಕಳ ತಲೆ ಮೇಲಿನ ಬಟ್ಟೆ ಬಗ್ಗಿದರೂ ಜಾರೋದಿಲ್ಲ. ನಾವು ಹೊದ್ದ ಸೆರಗು ಮಾತ್ರ ನಿಲ್ಲೋದಿಲ್ಲ. ಯಾಕೆ?
– ಓದುಗರೊಬ್ಬರು, ತೆಲಿಗಿ

ಉತ್ತರ: ಮುಖ್ಯ ಕಾರಣ ತುರುಬು. ಸಿಖ್ ಧರ್ಮದ ಕಟ್ಟುನಿಟ್ಟಿನಲ್ಲಿ ಕೂದಲು ಕತ್ತರಿಸುವಂತಿಲ್ಲ. ಆ ಉದ್ದ ಕೂದಲನ್ನು ಹಿಂದೆ ಗಟ್ಟಿಯಾಗಿ ಸುತ್ತಿದರೆ ತಲೆ ಮೇಲಿನ ಆ ಬಟ್ಟೆಗೆ, ಅಂದರೆ ಚುನ್ನಿಗೆ, ಆಸರೆ ಸಿಗುತ್ತದೆ. ಎರಡನೆಯದು ಬಟ್ಟೆ. ಹತ್ತಿ, ಮಲ್‌ಮಲ್ ಕೂದಲಿಗೆ ಕಚ್ಚಿಕೊಳ್ಳುತ್ತವೆ. ಸ್ಯಾಟಿನ್, ಜಾರ್ಜೆಟ್ ಎಣ್ಣೆ ಹಚ್ಚಿದ ತಲೆಯ ಮೇಲೆ ಒಂದು ಗಳಿಗೆಯೂ ನಿಲ್ಲವು. ಕಿವಿಯ ಮೇಲ್ಭಾಗದಲ್ಲಿ, ಬಟ್ಟೆಯ ಒಳಮಗ್ಗುಲಿಂದ ಒಂದೊಂದು ಹೇರ್‌ಪಿನ್ ಸಿಕ್ಕಿಸಿದರೆ ಹೊರಗೆ ಕಾಣುವುದಿಲ್ಲ. ಅಡುಗೆ, ಬಡಿಸುವ ಕೆಲಸವಿದ್ದಾಗ ಎರಡೂ ತುದಿಗಳನ್ನು ಕತ್ತಿನ ಹಿಂದೆ, ತುರುಬಿನ ಕೆಳಗೆ ಗಂಟು ಹಾಕುವುದೇ ಸರಿ. ಅಮೃತ ದೀಕ್ಷೆ ಪಡೆದ ಕೆಲವು ಸಿಖ್ ಹೆಣ್ಣುಮಕ್ಕಳು ಗಂಡಸರಂತೆ ಪೇಟ ಸುತ್ತುತ್ತಾರೆ. ಅದಕ್ಕೆ ಕೇಸ್ಕಿ ಎನ್ನುತ್ತಾರೆ.

ನಿಮ್ಮ ಹರಪನಹಳ್ಳಿ ಸೀಮೆಯ ತಾಂಡಾಗಳಲ್ಲೇ ನೋಡಿ: ಲಂಬಾಣಿ ಅಜ್ಜಿಯರ ಓಢಣಿಗೆ ಕನ್ನಡಿ, ಕಸೂತಿಯ ಭಾರವಿದೆ, ಗಾಳಿಗೆ ಸುಲಭವಾಗಿ ಹಾರದು. ನಿಮ್ಮದು ಪಾಲಿಯೆಸ್ಟರ್ ಸೀರೆಯಾದರೆ ಸೆರಗನ್ನು ನೆಚ್ಚಬೇಡಿ. ಗುರುದ್ವಾರಕ್ಕೆ ಹೋಗುವಾಗ ಬೇರೆಯೇ ಒಂದು ಹತ್ತಿಯ ವಸ್ತ್ರ, ಎರಡು ಪಿನ್ನು ಜೊತೆಗಿರಲಿ.