ಹಂದಿಯ ಸಂತಾನ ಜೀನ್‌ಗಳು, ಮನುಷ್ಯನ ಜೀನ್‌ಗಳು

ಹಂದಿಗೆ 19 ಜೋಡಿ ವರ್ಣತಂತುಗಳು, ಮನುಷ್ಯನಿಗೆ 23 ಜೋಡಿ. ಎಣಿಕೆ ಬೇರೆಯಾದರೂ ಅಂಡಾಣು ಬಲಿಯುವುದು, ವೀರ್ಯಾಣು ಹುಟ್ಟುವುದು, ಗರ್ಭ ನಿಲ್ಲುವುದು ಮುಂತಾದ ಕೆಲಸಗಳನ್ನು ನಡೆಸುವ ಜೀನ್‌ಗಳಲ್ಲಿ ಬಹುಪಾಲು ಎರಡರಲ್ಲೂ ಇವೆ. ಹಾಗಾಗಿ ಒಂದರಲ್ಲಿ ಪತ್ತೆಯಾದ ಜೀನ್ ಇನ್ನೊಂದರಲ್ಲಿ ಹುಡುಕಲು ದಾರಿ ತೋರುತ್ತದೆ.

ಇನ್‌ಹಿಬಿನ್ ಎಂಬ ಹಾರ್ಮೋನು ಇದಕ್ಕೆ ಒಳ್ಳೆಯ ನಿದರ್ಶನ. ಅಂಡಾಶಯದಲ್ಲಿ ತಯಾರಾಗುವ ಇದು ಅಂಡಕೋಶಿಕೆಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿಗೆ ಕಡಿವಾಣ ಹಾಕುತ್ತದೆ. ಸಂಶೋಧನೆಗೆ ಬೇಕಾದಷ್ಟು ಇನ್‌ಹಿಬಿನ್ ಹೆಂಗಸರ ಅಂಡಾಶಯದಿಂದ ಸಿಗುವಂತಿರಲಿಲ್ಲ. ಹಂದಿಯ ಅಂಡಕೋಶಿಕೆಗಳಲ್ಲಿನ ದ್ರವವಾದರೆ ಕಸಾಯಿಖಾನೆಗಳಿಂದ ಹೇರಳವಾಗಿ ಸಿಗುತ್ತಿತ್ತು. ಆ ದ್ರವದಿಂದ ಪ್ರೋಟೀನನ್ನು ಶುದ್ಧೀಕರಿಸಿ, ಅದರ ಅಮೈನೋ ಆಮ್ಲಗಳ ಕ್ರಮವನ್ನು ಓದಿ, ಆ ಜಾಡು ಹಿಡಿದು 1985ರಲ್ಲಿ ಹಂದಿಯ ಜೀನ್‌ಗಳ ರಚನೆಯನ್ನು ಕಂಡುಕೊಳ್ಳಲಾಯಿತು. ಮನುಷ್ಯನ ಜೀನ್‌ಗಳು ಬೆನ್ನಲ್ಲೇ ಸಿಕ್ಕವು. ಈ ಹಾರ್ಮೋನಿನ ಬೀಟಾ-ಎ ಸರಪಳಿಯಲ್ಲಿ 116 ಅಮೈನೋ ಆಮ್ಲಗಳಿದ್ದು, ಹಂದಿಗೂ ಮನುಷ್ಯನಿಗೂ ಅವುಗಳಲ್ಲಿ ಒಂದೂ ಬೇರೆಯಾಗಿಲ್ಲ. ಇಂದು ಗರ್ಭಿಣಿಯರ ಡೌನ್ ಸಿಂಡ್ರೋಮ್ ತಪಾಸಣೆಯಲ್ಲಿ ಇನ್‌ಹಿಬಿನ್-ಎ ಪ್ರಮಾಣವನ್ನೂ ನೋಡುತ್ತಾರೆ.

ಸಾಕಣೆದಾರರಿಗೆ ಮುಖ್ಯವಾದದ್ದು ಸೂಲಿಗೆ ಎಷ್ಟು ಮರಿ ಎಂಬುದು. ಚೀನಾದ ಮೈಶಾನ್ ತಳಿ ಯುರೋಪಿನ ತಳಿಗಳಿಗಿಂತ ಸೂಲಿಗೆ ಮೂರರಿಂದ ಐದು ಮರಿ ಹೆಚ್ಚು ಹಾಕುತ್ತದೆ. ಮ್ಯಾಕ್ಸ್ ರಾತ್ಸ್‌ಚೈಲ್ಡ್ ಮತ್ತು ಸಂಗಡಿಗರು 1996ರಲ್ಲಿ ಈ ಗುಣಕ್ಕೂ ಈಸ್ಟ್ರೋಜನ್ ಗ್ರಾಹಕದ ಜೀನ್‌ಗೂ ನಂಟಿರುವುದನ್ನು ತೋರಿಸಿದರು. ಮುಂದೆ ಬೇರೆ ತಳಿಗಳಲ್ಲಿ ಈ ಪರಿಣಾಮ ಕೆಲವೆಡೆ ಕಡಿಮೆಯಾಗಿ, ಕೆಲವೆಡೆ ಇಲ್ಲದೆಯೇ ಕಂಡಿತು. ಮರಿಗಳ ಸಂಖ್ಯೆಯನ್ನು ಹಲವು ಜೀನ್‌ಗಳು, ಮೇವು, ಆರೈಕೆ ಕೂಡಿ ನಿರ್ಧರಿಸುತ್ತವೆ. ಇದೇ ಜೀನ್ ಮನುಷ್ಯನ 6ನೇ ವರ್ಣತಂತುವಿನಲ್ಲಿದೆ, ಹಂದಿಯಲ್ಲಿ 1ನೆಯದರಲ್ಲಿದೆ.

2012ರಲ್ಲಿ ಡ್ಯುರಾಕ್ ತಳಿಯ ಒಂದು ಹೆಣ್ಣು ಹಂದಿಯ ಜೀನೋಮ್ ಪ್ರಕಟವಾದ ಮೇಲೆ ಬಿಡಿ ಜೀನ್‌ಗಳ ಹುಡುಕಾಟ ಇಡೀ ಜೀನೋಮ್‌ಗಳ ಹೋಲಿಕೆಯಾಗಿ ಬೆಳೆಯಿತು. ಸಾಮ್ಯದಷ್ಟೇ ವ್ಯತ್ಯಾಸಗಳೂ ಬೆಳಕಿಗೆ ಬಂದವು. ಅಂಡಾಣುವನ್ನು ಸುತ್ತುವರಿದ ಪೊರೆಗೆ ಮನುಷ್ಯನಲ್ಲಿ ನಾಲ್ಕು ಪ್ರೋಟೀನುಗಳು ಬೇಕು, ಹಂದಿಯಲ್ಲಿ ಮೂರೇ.

ಗಂಡಿನ ಬಂಜೆತನದ ಅಧ್ಯಯನದಲ್ಲಿ ಇಂಥ ವ್ಯತ್ಯಾಸಗಳನ್ನು ಮರೆಯುವಂತಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ಕೆ. ತಂಗರಾಜ್ ಮತ್ತು ಸಂಗಡಿಗರು ವೀರ್ಯಾಣುಗಳಿಲ್ಲದ ಭಾರತೀಯ ಗಂಡಸರ ವೈ ವರ್ಣತಂತುವನ್ನು ಪರೀಕ್ಷಿಸಿ, ಶೇ. 8.5 ಮಂದಿಯಲ್ಲಿ ಅದರ ತುಣುಕುಗಳು ಅಳಿದಿರುವುದನ್ನು 2003ರಲ್ಲಿ ವರದಿ ಮಾಡಿದರು. ಹೀಗೆ ಅಳಿಯುವ ಭಾಗಗಳಲ್ಲೊಂದು ಡಿಎಝಡ್ ಜೀನ್‌ಗಳಿರುವ ಜಾಗ. ಹಂದಿಯ ವೈನಲ್ಲಿ ಡಿಎಝಡ್ ಇಲ್ಲ. ಅದರ ಮೂಲರೂಪವಾದ ಡಿಎಝಡ್‌ಎಲ್ ಲಿಂಗೇತರ ವರ್ಣತಂತುವಿನಲ್ಲಿದೆ. ಆದ್ದರಿಂದ ಈ ದೋಷಕ್ಕೆ ಹಂದಿ ಮಾದರಿಯಾಗದು.

ಎರಡರಲ್ಲೂ ಇರುವ ನ್ಯಾನೋಸ್2ರ ವಿಷಯ ಬೇರೆ. ಈ ಜೀನನ್ನು ನಿಷ್ಕ್ರಿಯಗೊಳಿಸಿದ ಗಂಡು ಹಂದಿಗಳ ವೃಷಣಗಳು ಸರಿಯಾಗಿ ಬೆಳೆದರೂ ಅವುಗಳಲ್ಲಿ ವೀರ್ಯಾಣು ಹುಟ್ಟುವ ಕೋಶಗಳಿರುವುದಿಲ್ಲ. ಅಲ್ಲಿಗೆ ಬೇರೆ ಹಂದಿಯ ಕಾಂಡಕೋಶಗಳನ್ನು ಸೇರಿಸಿದರೆ ದಾನಿಯ ವೀರ್ಯಾಣುಗಳು ತಯಾರಾಗುವುದು 2020ರಲ್ಲಿ ಸಾಬೀತಾಯಿತು. ಉತ್ತಮ ತಳಿಗಳನ್ನು ವೃದ್ಧಿಸಲು ಈ ವಿಧಾನ ನೆರವಾಗಬಲ್ಲದು. ಮನುಷ್ಯನಲ್ಲಿ ವೀರ್ಯಾಣು ಹುಟ್ಟುವ ಬಗೆಯನ್ನು ಅರಿಯಲೂ ಇದು ಆಧಾರ. ಹಂದಿಯಲ್ಲಿ ಕಂಡದ್ದು ಮನುಷ್ಯನಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಒಂದೊಂದು ಜೀನ್‌ಗೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.